ಗವಿಯಲ್ಲಿ ಸಿಕ್ಕ ಎರಡು ಬಾಲದ ಬಿಳಿ ಹುಳ: ಡಿಪ್ಲೂರಾ ಇರಬಹುದಾ? ಗವಿಯದ್ದೇ ಜಾತಿನಾ?

ಹೊಳಲ್ಕೆರೆ ತೋಟ:
ನಮಸ್ಕಾರ ಎಲ್ಲರಿಗೂ. ನಮ್ಮ ಅಡಿಕೆ ತೋಟದ ಹಿಂದೆ ಒಂದು ಬಂಡೆ ಗುಡ್ಡ ಇದೆ. ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು ಒಳಗೆ ಗವಿ ಆಗಿದೆ. ಬಗ್ಗಿಕೊಂಡು ಹೋದರೆ ನಾಲ್ಕು ಜನ ಆರಾಮಾಗಿ ಕೂರಬಹುದು, ಅದರ ಹಿಂದೆ ಟಾರ್ಚ್ ಇಲ್ಲದೆ ಏನೂ ಕಾಣುವುದಿಲ್ಲ. ಬಾವಲಿ ಹಿಕ್ಕೆ ಬಿದ್ದ ಒದ್ದೆ ಮಣ್ಣಿನಲ್ಲಿ ಒಂದು ಚಪ್ಪಟೆ ಕಲ್ಲು ಎತ್ತಿದಾಗ ಈ ಹುಳ ಕಂಡಿತು. ಅರ್ಧ ಸೆಂಟಿಮೀಟರ್ ಕೂಡ ಇಲ್ಲ. ಪೂರ್ತಿ ಬಿಳಿ, ಒಳಗಿನ ಕರುಳಿನ ಕಪ್ಪು ಗೆರೆ ಹೊರಗಿನಿಂದಲೇ ಕಾಣುತ್ತದೆ. ಮುಂದೆ ಎರಡು ಉದ್ದ ಮೀಸೆ, ಹಿಂದೆ ಎರಡು ಉದ್ದ ಬಾಲ. ಬೆಳಕು ಬಿದ್ದ ತಕ್ಷಣ ಓಡಿತು. ಮೊಬೈಲಿಗೆ ಕ್ಲಿಪ್ ಲೆನ್ಸ್ ಹಾಕಿ ತೆಗೆದ ಫೋಟೋ ಹಾಕಿದ್ದೇನೆ. ಇದು ಏನು? ಅಡಿಕೆ ಬೇರಿಗೆ ತೊಂದರೆ ಇದೆಯಾ? ಗೊಣ್ಣೆ ಹುಳದ ಕಾಟವೇ ಸಾಕಾಗಿದೆ ನಮಗೆ.

ಕಲ್ಲುಬಂಡೆ:
ಸಿಲ್ವರ್‌ಫಿಶ್ ಅಲ್ವಾ? ಹಳೇ ಪುಸ್ತಕದ ಕಪಾಟಿನಲ್ಲಿ ಇರುತ್ತದಲ್ಲ, ಅದೇ. ಗವಿಯಲ್ಲಿ ಬಿಸಿಲು ಬೀಳದೆ ಬಿಳಿ ಆಗಿದೆ ಅಷ್ಟೆ.

ಮಣ್ಣುಹುಳ:
ಸಿಲ್ವರ್‌ಫಿಶ್ ಅಲ್ಲ. ಮೊದಲು ಬಾಲ ಎಣಿಸಿ. ಸಿಲ್ವರ್‌ಫಿಶ್‌ಗೆ ಮೂರು ಬಾಲ, ಎರಡು ಪಕ್ಕದಲ್ಲಿ ಒಂದು ನಡುವೆ. ಈ ಫೋಟೋದಲ್ಲಿ ನಡುವಿನ ಬಾಲ ಇಲ್ಲ, ಮುರಿದು ಹೋದ ಗುರುತೂ ಇಲ್ಲ. ಇದು ಡಿಪ್ಲೂರಾ. ಕಣ್ಣಿಲ್ಲ, ರೆಕ್ಕೆ ಇಲ್ಲ, ಆರು ಕಾಲು, ಎರಡು ಬಾಲ.

ಒಂದು ಎಚ್ಚರಿಕೆ ಮಾತ್ರ. ಸಿಲ್ವರ್‌ಫಿಶ್ ಬಳಗದಲ್ಲೇ ನಿಕೊಲೆಟಿಡೇ ಅಂತ ಒಂದು ಕುಟುಂಬ ಇದೆ. ಅವೂ ಬಿಳಿ, ಅವಕ್ಕೂ ಕಣ್ಣಿಲ್ಲ, ಅವೂ ನೆಲದೊಳಗೆ, ಗವಿಯೊಳಗೆ, ಇರುವೆ ಗೂಡಿನಲ್ಲಿ ಇರುತ್ತವೆ. ದೂರದಿಂದ ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಆಗ ಬಾಲದ ಲೆಕ್ಕವೇ ದಾರಿ. ಬಾಲ ಉದುರಿದ್ದರೆ ಬಾಯಿ ನೋಡಬೇಕು. ಸಿಲ್ವರ್‌ಫಿಶ್ ದವಡೆ ತಲೆಯ ಹೊರಗೆ ಕಾಣುತ್ತದೆ. ಡಿಪ್ಲೂರಾದ ದವಡೆ ತಲೆಯ ಪಕ್ಕದ ಮಡಿಕೆಗಳು ಸೇರಿ ಆದ ಚೀಲದೊಳಗೆ ಕೂತಿರುತ್ತದೆ, ತಿನ್ನುವಾಗ ತುದಿ ಮಾತ್ರ ಹೊರಗೆ ಬರುತ್ತದೆ. ಇದೇ ಕಾರಣಕ್ಕೆ ಈಗ ಹೆಚ್ಚಿನವರು ಇದನ್ನು ಕೀಟ ಅಂತಲೇ ಕರೆಯುವುದಿಲ್ಲ. ಆರು ಕಾಲಿನ ಪ್ರಾಣಿ ಹೌದು, ಆದರೆ ಸ್ಪ್ರಿಂಗ್‌ಟೇಲ್, ಪ್ರೊಟೂರಾ ಅನ್ನುವ ಮಣ್ಣಿನ ಸಣ್ಣ ಜೀವಿಗಳ ಜೊತೆ ಬೇರೆ ಸಾಲಿನಲ್ಲಿ ಇಡುತ್ತಾರೆ.

ಅಡಿಕೆ ಬಗ್ಗೆ ಚಿಂತೆ ಬೇಡ. ಕೊಳೆತ ಎಲೆ, ಶಿಲೀಂಧ್ರ, ಸಣ್ಣ ನುಸಿ, ಸ್ಪ್ರಿಂಗ್‌ಟೇಲ್ ಇಂಥವು ಇದರ ಊಟ. ಗೊಣ್ಣೆ ಹುಳಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಬೆಣ್ಣೆದೋಸೆ ದಾವಣಗೆರೆ:
ನಮ್ಮ ಮನೆ ಹಿಂದೆ ಹೂವಿನ ಕುಂಡ ಎತ್ತಿದಾಗಲೂ ಇಂಥದ್ದೇ ಸಿಗುತ್ತದೆ, ಆದರೆ ಹಿಂದೆ ಬಾಲದ ಬದಲು ಇಕ್ಕಳ ಇರುತ್ತದೆ. ಕಂದು ಬಣ್ಣದ ಗಟ್ಟಿ ಇಕ್ಕಳ, ಉಳಿದ ಮೈ ಬಿಳಿ. ಅದು ಇಯರ್‌ವಿಗ್ ಮರಿ ಅಂದುಕೊಂಡಿದ್ದೆ. ಅದೂ ಡಿಪ್ಲೂರಾನಾ?

ಮಣ್ಣುಹುಳ:
ಹೆಚ್ಚುಕಡಿಮೆ ಹೌದು. ಅದು ಜಾಪಿಜಿಡೇ ಕುಟುಂಬ ಇರಬೇಕು. ಇಯರ್‌ವಿಗ್ ಮರಿಯಾದರೆ ಸಾಮಾನ್ಯವಾಗಿ ಕಣ್ಣು ಇರುತ್ತದೆ, ಮೈಗೆ ಬಣ್ಣ ಇರುತ್ತದೆ, ಪಾದದಲ್ಲಿ ಮೂರು ಗಿಣ್ಣು ಇರುತ್ತವೆ. ಜಾಪಿಜಿಡೇಗೆ ಕಣ್ಣಿಲ್ಲ, ಪಾದಕ್ಕೆ ಒಂದೇ ಗಿಣ್ಣು. ಇಕ್ಕಳದ ಬುಡದಲ್ಲಿರುವ ಹೊಟ್ಟೆಯ 10ನೇ ಖಂಡವೂ ಗಟ್ಟಿಯಾಗಿ, ಬಣ್ಣ ಬಂದಿರುತ್ತದೆ. ಆ ಇಕ್ಕಳದಿಂದ ಬೇಟೆ ಹಿಡಿಯುತ್ತದೆ. ಭಾರತದಲ್ಲಿ ಇಂಡ್‌ಜಾಪಿಕ್ಸ್ ಅನ್ನುವ ಕುಲ ಇದೆ, ಹೆಸರಿನಲ್ಲೇ ನಮ್ಮ ದೇಶ ಇದೆ. ಆಸ್ಟ್ರೇಲಿಯಾದ ಹೆಟೆರೊಜಾಪಿಕ್ಸ್ 5 ಸೆಂಟಿಮೀಟರ್ ವರೆಗೆ ಬೆಳೆಯುತ್ತದೆ, ಈ ಗುಂಪಿನಲ್ಲಿ ಅದೇ ದೈತ್ಯ.

ನೂಲು ಬಾಲ, ಇಕ್ಕಳ ಈ ಎರಡರ ನಡುವೆ ಇನ್ನೊಂದು ಬಗೆ ಇದೆ, ಪ್ರೊಜಾಪಿಜಿಡೇ. ಅದರ ಬಾಲ ಗಿಡ್ಡ, ದಪ್ಪ, ತುದಿಯಲ್ಲಿ ಗ್ರಂಥಿಯ ತೂತು. ಹಾಗಾಗಿ ಹಿಂಭಾಗದ ಒಂದು ಒಳ್ಳೆ ಫೋಟೋ ಇದ್ದರೆ ಕುಟುಂಬದ ಮಟ್ಟಕ್ಕೆ ಹೋಗುವುದು ಕಷ್ಟ ಅಲ್ಲ. ಉದ್ದನೆಯ ನೂಲು ಬಾಲ, ತುಂಬಾ ಗಿಣ್ಣು ಇದ್ದರೆ ಕ್ಯಾಂಪೊಡಿಡೇ. ಹೊಳಲ್ಕೆರೆಯವರ ಫೋಟೋ ಅದೇ.

ಕೋಟೆ ಹುಡುಗ:
ಇದು ಸಾಮಾನ್ಯ ವಿಷಯ ಅಲ್ಲ ಮಾರಾಯ್ರೇ. ಕಣ್ಣಿಲ್ಲ, ಬಣ್ಣ ಇಲ್ಲ, ಕತ್ತಲೆ ಗವಿಯೊಳಗೆ ಸಿಕ್ಕಿದೆ ಅಂದರೆ ಗವಿಗೇ ಹೊಂದಿಕೊಂಡ ಜಾತಿ ಅಂತ ಆಯ್ತಲ್ಲ! ಚಿತ್ರದುರ್ಗದಲ್ಲಿ ಹೊಸ ಗವಿ ಜೀವಿ. ಪೇಪರಿನವರಿಗೆ ಹೇಳಿ. ಚಂದ್ರವಳ್ಳಿಯ ಅಂಕಲಿ ಮಠದ ಗವಿಯಲ್ಲೂ ಇದ್ದೇ ಇರುತ್ತದೆ, ನಾನೇ ಹೋಗಿ ನೋಡುತ್ತೇನೆ.

ಲ್ಯಾಬ್ ಮೇಷ್ಟ್ರು:
ಸ್ವಲ್ಪ ತಡೆಯಪ್ಪ. ಪೇಪರಿನವರನ್ನು ಆಮೇಲೆ ಕರೆಯೋಣ.

ಕಣ್ಣಿಲ್ಲದಿರುವುದು ಡಿಪ್ಲೂರಾಗಳಲ್ಲಿ ಗವಿಯ ಗುರುತೇ ಅಲ್ಲ. ಜಗತ್ತಿನಲ್ಲಿ ಹೆಸರಿಟ್ಟಿರುವ ಡಿಪ್ಲೂರಾ ಜಾತಿಗಳು ಸುಮಾರು 1000. ಒಂದಕ್ಕೂ ಕಣ್ಣಿಲ್ಲ. ತೋಟದ ಮಣ್ಣಿನಲ್ಲಿ ಇರುವುದಕ್ಕೂ ಇಲ್ಲ, ಕಾಡಿನ ಎಲೆಗೊಬ್ಬರದಲ್ಲಿ ಇರುವುದಕ್ಕೂ ಇಲ್ಲ. ಬಣ್ಣದ ಕಥೆಯೂ ಅದೇ. ಮೀನು, ಜೀರುಂಡೆ, ಸಿಗಡಿ ವಿಷಯ ಬೇರೆ. ಅವುಗಳ ಹೊರಗಿನ ನೆಂಟರಿಗೆ ಕಣ್ಣು, ಬಣ್ಣ ಇರುತ್ತದೆ, ಗವಿಯೊಳಗಿನವಕ್ಕೆ ಹೋಗಿರುತ್ತದೆ, ಆದ್ದರಿಂದ ಅಲ್ಲಿ ಅದು ಸಾಕ್ಷಿ ಆಗುತ್ತದೆ. ಛತ್ತೀಸಗಢದ ಕೋಟುಮ್‌ಸರ್ ಗವಿಯ ಮೀನು ಅದಕ್ಕೆ ಒಳ್ಳೇ ಉದಾಹರಣೆ, ಹೊರಗಿನ ಹೊಳೆಯಲ್ಲಿ ಇರುವ ಅದೇ ಬಳಗದ ಮೀನಿಗೆ ಸರಿಯಾದ ಕಣ್ಣಿದೆ. ಡಿಪ್ಲೂರಾ ವಿಷಯದಲ್ಲಿ ಹೋಗಲಿಕ್ಕೆ ಕಣ್ಣೇ ಇರಲಿಲ್ಲ. ಹಾಗಾಗಿ ಬೇರೆ ಗುರುತು ಹುಡುಕಬೇಕು.

ಅಂಕಲಿ ಮಠದ ಗವಿಗೆ ನೋಡಲು ಹೋಗಿ, ಖುಷಿಯಾಗಿ ಹೋಗಿ. ಆದರೆ ಬಾಟಲಿ, ಬ್ರಷ್ ತೆಗೆದುಕೊಂಡು ಹೋಗಬೇಡಿ. ಕೋಟೆ, ಚಂದ್ರವಳ್ಳಿ ಎಲ್ಲ ಸ್ಮಾರಕದ ಜಾಗ. ಅಲ್ಲಿ ಕಲ್ಲು ಎತ್ತಿ ಮಣ್ಣು ಕೆದಕುವುದಕ್ಕೂ ಅನುಮತಿ ಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಅಗೆದ ಜಾಗ ಅದು.

ಕೋಟೆ ಹುಡುಗ:
ಸರಿ ಮೇಷ್ಟ್ರೇ, ಬಾಟಲಿ ಬಿಟ್ಟೆ. ಹಾಗಾದರೆ ಯಾವ ಗುರುತು? ಗವಿ ಜಾತಿ ಅಂತ ಹೇಳುವುದು ಹೇಗೆ?

ಲ್ಯಾಬ್ ಮೇಷ್ಟ್ರು:
ಅಳತೆ. ಮೀಸೆ, ಕಾಲು, ಬಾಲ ಈ ಮೂರರ ಅಳತೆ ಮೈಗೆ ಹೋಲಿಸಿ.

ನಿಜವಾದ ಗವಿವಾಸಿ ಕ್ಯಾಂಪೊಡಿಡ್‌ಗಳಲ್ಲಿ ಎಲ್ಲವೂ ಉದ್ದ. ಹಿಂಗಾಲನ್ನು ಹಿಂದಕ್ಕೆ ಚಾಚಿದರೆ ಹೊಟ್ಟೆಯ ಕೊನೆ ದಾಟುವುದೂ ಉಂಟು. ಮಣ್ಣಿನಲ್ಲಿ ಇರುವವುಗಳ ಕಾಲು ಅಷ್ಟು ದೂರ ಹೋಗುವುದಿಲ್ಲ, ಕಿರಿದಾದ ಸಂದಿಯಲ್ಲಿ ನುಸುಳುವ ಪ್ರಾಣಿಗೆ ಉದ್ದ ಕಾಲು ಅಡ್ಡಿಯೇ ಅಲ್ವಾ. ಗವಿವಾಸಿಗಳ ಬಾಲ ಮೈಗಿಂತ ಎಷ್ಟೋ ಉದ್ದ ಇರುತ್ತದೆ. ಮೀಸೆಯ ಗಿಣ್ಣುಗಳನ್ನು ಎಣಿಸಿದರೆ ಮಣ್ಣಿನ ಜಾತಿಗಳಲ್ಲಿ ಸಾಮಾನ್ಯವಾಗಿ 20ರ ಆಸುಪಾಸು ಸಿಗುತ್ತದೆ, ಕೆಲವು ಗವಿ ಜಾತಿಗಳಲ್ಲಿ 40 ದಾಟುತ್ತದೆ. ಮೈಯೂ ದೊಡ್ಡದು. ಕತ್ತಲೆಯ ಖಾಲಿ ಜಾಗದಲ್ಲಿ ಊಟ ಅಲ್ಲೊಂದು ಇಲ್ಲೊಂದು ಇರುತ್ತದೆ, ಮುಟ್ಟಿ ಮೂಸಿಯೇ ಹುಡುಕಬೇಕು.

ಇನ್ನೊಂದು ಗುರುತು ಮೀಸೆಯ ತುದಿಯಲ್ಲಿದೆ, ನನಗೆ ಬಹಳ ಇಷ್ಟವಾದದ್ದು ಅದೇ. ಕ್ಯಾಂಪೊಡಿಡ್‌ಗಳ ಮೀಸೆಯ ಕೊನೆ ಗಿಣ್ಣಿನಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಕ್ಯುಪುಲಿಫಾರ್ಮ್ ಅಂಗ ಅಂತ ಕರೆಯುತ್ತಾರೆ. ಅದರೊಳಗೆ ವಾಸನೆ ಹಿಡಿಯುವ ಸಣ್ಣ ಸಣ್ಣ ಸೆನ್ಸಿಲ್ಲಾಗಳು. ಮಣ್ಣಿನ ಜಾತಿಗಳಲ್ಲಿ ಇವು ಕಡಿಮೆ, ಸರಳ. ಗವಿ ಜಾತಿಗಳಲ್ಲಿ ಜಾಸ್ತಿ, ಆಕಾರವೂ ಜಟಿಲ. ಆದರೆ ಅದನ್ನು ನೋಡಲು ಸ್ಲೈಡ್ ಮಾಡಿ ಒಳ್ಳೆ ಮೈಕ್ರೋಸ್ಕೋಪ್ ಅಡಿ ಇಡಬೇಕು. ಮೊಬೈಲ್ ಲೆನ್ಸಿಗೆ ಅದು ಸಿಗುವ ಮಾತೇ ಇಲ್ಲ.

ಜೋಗಿಮಟ್ಟಿ ಗಾಳಿ:
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಗಿಣ್ಣಿನ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಡಿಪ್ಲೂರಾ ದೊಡ್ಡದಾದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ, ಜೀವನದಲ್ಲಿ 30 ಸಲದ ವರೆಗೂ ಕಳಚಬಹುದು. ಮುರಿದ ಮೀಸೆ, ಕಾಲು, ಬಾಲ ಪೊರೆ ಕಳಚುವಾಗ ಮತ್ತೆ ಬೆಳೆಯುತ್ತದೆ. ಹೀಗೆ ಮತ್ತೆ ಬೆಳೆದ ಮೀಸೆಯಲ್ಲಿ ಗಿಣ್ಣು ಕಡಿಮೆ ಇರಬಹುದು, ಎಡ ಬಲ ತಾಳೆ ಆಗುವುದಿಲ್ಲ. ಎರಡೂ ಕಡೆ ಎಣಿಸಿ ಜಾಸ್ತಿ ಇದ್ದದ್ದನ್ನು ಬರೆದುಕೊಳ್ಳಿ, ಬೇರೆಯದನ್ನು ಪಕ್ಕದಲ್ಲಿ ನಮೂದಿಸಿ. ಬಾಲ ಅಂತೂ ಮುಟ್ಟಿದರೆ ಉದುರುತ್ತದೆ. ಬಾಲ ಇಲ್ಲದ ಕ್ಯಾಂಪೊಡಿಡ್ ಸಿಕ್ಕಿ ಇದು ಬೇರೇನೋ ಅಂತ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಬೆಣ್ಣೆದೋಸೆ ದಾವಣಗೆರೆ:
ಮೀಸೆ ನೋಡಿ ಇದು ಡಿಪ್ಲೂರಾ ಅಂತ ಹೇಳಲು ಆಗುತ್ತದಾ? ನನಗೆ ಇಲ್ಲಿ ಸಿಂಫೈಲಾ ಕೂಡ ಸಿಗುತ್ತದೆ, ಅದೂ ಬಿಳಿ, ಅದಕ್ಕೂ ಉದ್ದ ಮೀಸೆ, ಹಿಂದೆ ಎರಡು ಚೂಪು.

ಮಣ್ಣುಹುಳ:
ಸಿಂಫೈಲಾಗೆ ದೊಡ್ಡದಾದಾಗ 12 ಜೊತೆ ಕಾಲು. ಕಾಲು ಎಣಿಸಿದರೆ ಮುಗಿಯಿತು. ತೀರಾ ಮರಿಗೂ ಆರೇಳು ಜೊತೆ ಇರುತ್ತದೆ, ಡಿಪ್ಲೂರಾಗೆ ಮೂರೇ ಜೊತೆ. ಹಿಂದಿನ ಆ ಚೂಪುಗಳು ನೂಲು ತೆಗೆಯುವ ಅಂಗ. ಬೆಳೆ ಬೇರು ತಿನ್ನುವುದು ಸಿಂಫೈಲಾ, ಆದ್ದರಿಂದ ತೋಟದವರು ಇವೆರಡನ್ನೂ ಬೇರೆ ಮಾಡಿ ನೋಡುವುದು ಒಳ್ಳೆಯದು.

ಮೀಸೆಯ ವಿಷಯ. ಡಿಪ್ಲೂರಾ ಮೀಸೆ ಮಣಿ ಪೋಣಿಸಿದ ಸರದ ಹಾಗಿರುತ್ತದೆ, ಕೊನೆಯದನ್ನು ಬಿಟ್ಟರೆ ಪ್ರತಿ ಮಣಿಯೊಳಗೂ ಅದರದ್ದೇ ಸ್ನಾಯು ಇರುತ್ತದೆ. ಜಿರಳೆ, ಮಿಡತೆ, ಸಿಲ್ವರ್‌ಫಿಶ್ ಇವುಗಳ ಮೀಸೆಯಲ್ಲಿ ಸ್ನಾಯು ಬುಡದಲ್ಲಿ ಮಾತ್ರ, ಮುಂದಿನ ಉದ್ದಕ್ಕೆ ಸ್ವಂತ ಸ್ನಾಯು ಇಲ್ಲ. ಜೀವಂತ ಇದ್ದಾಗ ಇದು ಕಣ್ಣಿಗೇ ಕಾಣುತ್ತದೆ. ಒದ್ದೆ ಹತ್ತಿ ಹಾಕಿದ ಗಾಜಿನ ತಟ್ಟೆಯಲ್ಲಿ ಬಿಟ್ಟು ಸ್ಟಿರಿಯೊ ಮೈಕ್ರೋಸ್ಕೋಪಿನಲ್ಲಿ ನೋಡಿ. ಜಿರಳೆ ಮೀಸೆ ಇಡಿಯಾಗಿ ಬೀಸುತ್ತದೆ. ಇದು ಹಾಗಲ್ಲ, ಮೀಸೆಯ ನಡುವೆಯೇ ಮಡಿಸುತ್ತದೆ, ತುದಿ ಒಂದು ಕಡೆ ಬುಡ ಇನ್ನೊಂದು ಕಡೆ ತಿರುಗುತ್ತದೆ, ಮುಂದಿನ ಮಣಿಗಳು ಮಣ್ಣಿನ ಕಣವನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತವೆ. ತಲೆ ಮಾತ್ರ ಅಲ್ಲಾಡುವುದಿಲ್ಲ.

ಕ್ಯಾಂಪೊಡಿಡ್‌ಗಳಲ್ಲಿ ಇನ್ನೂ ಒಂದು: ಮೀಸೆಯ 3ರಿಂದ 6ನೇ ಗಿಣ್ಣಿನ ವರೆಗೆ ಗಾಳಿಯ ಸಣ್ಣ ಅಲುಗಾಟ ಹಿಡಿಯುವ ತೆಳು ರೋಮಗಳು, ಟ್ರೈಕೊಬಾತ್ರಿಯಾ. ನೀವು ಉಸಿರು ಬಿಟ್ಟರೂ ಅದು ಓಡುವುದು ಇವುಗಳ ಪುಣ್ಯದಿಂದ.

ಹೊಳಲ್ಕೆರೆ ತೋಟ:
ಅಬ್ಬಾ, ಇಷ್ಟೊಂದಾ! ಮತ್ತೆ ಎರಡು ಹುಳ ಸಿಕ್ಕಿವೆ. ಪರಿಚಯದ ಕಾಲೇಜಿನ ಲ್ಯಾಬಿನಲ್ಲಿ ಸ್ಟಿರಿಯೊ ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ಫೋಟೋ ತೆಗೆದೆ. ಹೊಸ ಫೋಟೋ ನೋಡಿ. ಮೀಸೆ ಎಣಿಸಿದೆ, ಒಂದು ಕಡೆ 24, ಇನ್ನೊಂದು ಕಡೆ 19. ಕಾಲು ಹಿಂದಕ್ಕೆ ಚಾಚಿದರೆ ಹೊಟ್ಟೆ ಮುಗಿಯುವ ಮೊದಲೇ ನಿಲ್ಲುತ್ತದೆ. ಹೊಟ್ಟೆಯ ಕೆಳಗೆ ಸಣ್ಣ ಸಣ್ಣ ಮುಳ್ಳು ಇವೆ ಎರಡೂ ಕಡೆ, ಅದರ ಪಕ್ಕ ನೀರಿನ ಗುಳ್ಳೆ ಇದ್ದ ಹಾಗೆ ಏನೋ. ಅದು ಕಾಲು ಹೋದ ಗುರುತಾ?

ಜೋಗಿಮಟ್ಟಿ ಗಾಳಿ:
ಮುಳ್ಳು ಅಂದಿದ್ದು ಸ್ಟೈಲಸ್. ಹಿಂದೆ ಕಾಲು ಇದ್ದ ಖಂಡಗಳ ಪಳಿಯುಳಿಕೆ ಅಂತ ಹೇಳುತ್ತಾರೆ, ಆದರೆ ಇವತ್ತಿಗೂ ಕೆಲಸಕ್ಕೆ ಬರುತ್ತವೆ, ಹೊಟ್ಟೆಯನ್ನು ನೆಲದಿಂದ ಎತ್ತಿ ಹಿಡಿಯುತ್ತವೆ. ಕ್ಯಾಂಪೊಡಿಡ್‌ಗಳಲ್ಲಿ 2ರಿಂದ 7ನೇ ಖಂಡದ ವರೆಗೆ ಇವು ಇರುತ್ತವೆ. ಮೊದಲ ಖಂಡದಲ್ಲಿ ಸ್ಟೈಲಸ್ ಬದಲು ಒಂದು ಜೊತೆ ದಪ್ಪ ಉಪಾಂಗ. ಜಾಪಿಜಿಡ್‌ಗಳಲ್ಲಿ ಮೊದಲ ಖಂಡದಿಂದಲೇ ಸ್ಟೈಲಸ್ ಶುರು.

ಗುಳ್ಳೆ ಅಂದಿದ್ದು ಹೊರಗೆ ಚಾಚಿ ಒಳಗೆ ಎಳೆದುಕೊಳ್ಳುವ ಚೀಲ. ಒದ್ದೆ ನೆಲಕ್ಕೆ ಒತ್ತಿ ನೀರು ಹೀರುತ್ತದೆ. ಇದರ ಚರ್ಮ ತೀರಾ ತೆಳು, ತೇವ ಹೋದರೆ ಬದುಕುವುದಿಲ್ಲ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಮೇಲಿನ ಮಣ್ಣು ಕಾದು ಹೆಂಚಾಗುತ್ತದೆ. ಆಗ ಇವು ಬಂಡೆ ಸಂದಿ, ಬೇರಿನ ಆಳ, ಗವಿಯ ಒದ್ದೆ ಮೂಲೆ ಹುಡುಕಿಕೊಂಡು ಕೆಳಗೆ ಇಳಿಯುತ್ತವೆ. ನಿಮ್ಮ ಹುಳ ಗವಿಯಲ್ಲಿ ಯಾಕೆ ಇತ್ತು ಅನ್ನುವುದಕ್ಕೆ ನನ್ನ ಪ್ರಕಾರ ಇದೇ ಉತ್ತರ.

ಕೋಟೆ ಹುಡುಗ:
ಅಂದರೆ ಗವಿಯಲ್ಲಿ ಇದೆ, ಆದರೆ ಗವಿ ಜಾತಿ ಅಲ್ಲ. ಸ್ವಲ್ಪ ಬೇಜಾರಾಯಿತು.

ಮಣ್ಣುಹುಳ:
ಬೇಜಾರು ಯಾಕೆ? ಗವಿಯಲ್ಲಿ ಸಿಗುವ ಪ್ರಾಣಿಗಳನ್ನು ಮೂರು ಬಗೆ ಮಾಡುವುದು ಹಳೇ ಪದ್ಧತಿ. ಆಸ್ಟ್ರಿಯಾದ ಶೀನರ್ 1854ರಲ್ಲಿ ಶುರು ಮಾಡಿದ್ದು, ರೊಮೇನಿಯಾದ ರಾಕೊವಿಟ್ಸಾ 1907ರಲ್ಲಿ ಗಟ್ಟಿ ಮಾಡಿದ್ದು. ಗವಿ ಬಿಟ್ಟರೆ ಎಲ್ಲೂ ಬದುಕದವು ಟ್ರೊಗ್ಲೊಬೈಟ್. ಒಳಗೂ ಹೊರಗೂ ಸಂಸಾರ ಮಾಡುವವು ಟ್ರೊಗ್ಲೊಫೈಲ್. ಬಂದು ಹೋಗುವವು ಟ್ರೊಗ್ಲೊಕ್ಸೀನ್, ಬಾವಲಿ ಈ ಗುಂಪಿನದ್ದು. ಹೊಳಲ್ಕೆರೆ ಹುಳ ನಡುವಿನ ಗುಂಪಿಗೆ ಸೇರಬಹುದು, ಅಥವಾ ಸುಮ್ನೆ ಮಣ್ಣಿನ ಜಾತಿಯೇ ಇರಬಹುದು. 24 ಗಿಣ್ಣು, ಗಿಡ್ಡ ಕಾಲು ನೋಡಿದರೆ ಟ್ರೊಗ್ಲೊಬೈಟ್ ಅನ್ನಲು ಯಾವ ಆಧಾರವೂ ಇಲ್ಲ.

ಆದರೆ ಉದ್ದ ಇಲ್ಲ ಅಂದ ಮಾತ್ರಕ್ಕೆ ಗವಿ ಜಾತಿ ಅಲ್ಲವೇ ಅಲ್ಲ ಅಂತಲೂ ಹೇಳಲಾಗುವುದಿಲ್ಲ. 2019ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಸುಣ್ಣಕಲ್ಲು ಗವಿಗಳಿಂದ ಹ್ಯಾಪ್ಲೊಕ್ಯಾಂಪಾ ವ್ಯಾಗ್ನೆಲಿ ಅನ್ನುವ ಜಾತಿಯನ್ನು ವಿವರಿಸಿದರು. ಅದರ ಮೀಸೆ, ಕಾಲು ಸ್ವಲ್ಪವೇ ಉದ್ದ, ಮಿಕ್ಕ ಗವಿ ಜಾತಿಗಳಷ್ಟು ಇಲ್ಲ. ಕೊನೆಯ ಹಿಮಯುಗದಲ್ಲಿ ಮಂಜುಗಡ್ಡೆ ಆವರಿಸಿದ್ದ ಪ್ರದೇಶ ಅದು. ಈ ಪ್ರಾಣಿ ಅಲ್ಲಿಗೆ ಹೇಗೆ ಬಂತು, ಎಲ್ಲಿ ಉಳಿದುಕೊಂಡಿತ್ತು ಅನ್ನುವುದೇ ಅಲ್ಲಿನ ದೊಡ್ಡ ಪ್ರಶ್ನೆ. ನನ್ನ ಮಾತು ಇಷ್ಟೇ: ಅಳತೆ ಒಂದು ಸಾಕ್ಷಿ, ತೀರ್ಪು ಅಲ್ಲ. ಹೊರಗಿನ ಮಣ್ಣಿನಲ್ಲೂ ಅದೇ ಜಾತಿ ಇದೆಯಾ ಅಂತ ಹುಡುಕಿ ನೋಡದೆ ಗವಿ ಜಾತಿ ಅನ್ನುವುದು ತಪ್ಪು.

ಕಲ್ಲುಬಂಡೆ:
ಒಂದು ಪ್ರಶ್ನೆ. ಸುಣ್ಣಕಲ್ಲು ಗವಿ ಅಂದರೆ ಆಂಧ್ರದ ಬೊರ್ರಾ, ಬೆಲುಂ ತರದ್ದು, ನೀರು ಕೊರೆದು ಆದದ್ದು. ನಮ್ಮಲ್ಲಿ ಇರುವುದು ಗ್ರಾನೈಟ್, ನೈಸ್ ಬಂಡೆ, ಗುಂಡುಗಳು ಕೂತು ಆದ ಪೊಟರೆ. ಇದನ್ನು ಗವಿ ಅಂತ ಕರೆದು ಗವಿ ಜೀವಿ ಹುಡುಕುವುದರಲ್ಲಿ ಅರ್ಥ ಇದೆಯಾ?

ಜೋಗಿಮಟ್ಟಿ ಗಾಳಿ:
ಒಳ್ಳೇ ಪ್ರಶ್ನೆ, ನನಗೆ ಜಗಳ ಆಡಲು ಇಷ್ಟವಾದ ಪ್ರಶ್ನೆ ಕೂಡ. ಗವಿ ಅನ್ನುವುದು ಮನುಷ್ಯ ನುಗ್ಗುವಷ್ಟು ದೊಡ್ಡ ತೂತು. 4 ಮಿಲಿಮೀಟರ್ ಹುಳಕ್ಕೆ ನಮ್ಮ ಸೈಜ್ ಏನು ಲೆಕ್ಕ? ಅದಕ್ಕೆ ಬೇಕಾದದ್ದು ಕತ್ತಲೆ, ತೇವ, ಒಂದೇ ಸಮನೆ ಇರುವ ತಂಪು, ಓಡಾಡಲು ಸಂದಿ. ಬಂಡೆ ಒಡೆದು ಕೆಳಗೆ ಬಿದ್ದ ರಾಶಿಯ ನಡುವಿನ ಸಂದಿಗಳಲ್ಲಿ, ಮಣ್ಣಿನ ಕೆಳಗೆ, ಇದೆಲ್ಲಾ ಸಿಗುತ್ತದೆ. ಫ್ರಾನ್ಸಿನಲ್ಲಿ 1980ರಲ್ಲೇ ಇಂಥ ಜಾಗದಲ್ಲಿ ಗವಿ ಪ್ರಾಣಿಗಳು ಇರುವುದನ್ನು ತೋರಿಸಿ ಅದಕ್ಕೆ ಎಂ.ಎಸ್.ಎಸ್. (ಫ್ರೆಂಚ್‌ನಲ್ಲಿ ಮೇಲ್ಮಟ್ಟದ ನೆಲದಡಿಯ ನೆಲೆ ಅಂತ ಅರ್ಥ) ಅಂತ ಹೆಸರನ್ನೂ ಕೊಟ್ಟರು. ದುರ್ಗದ ಗುಡ್ಡಗಳ ಬುಡದಲ್ಲಿ ಇಂಥ ಕಲ್ಲು ರಾಶಿಗೆ ಬರ ಇಲ್ಲ. ಹಾಗಾಗಿ ಹುಡುಕುವುದರಲ್ಲಿ ಖಂಡಿತ ಅರ್ಥ ಇದೆ, ಗವಿಯೊಳಗೆ ಮಾತ್ರ ಹುಡುಕುವುದರಲ್ಲಿ ಅಷ್ಟು ಅರ್ಥ ಇಲ್ಲ.

ಕಲ್ಲುಬಂಡೆ:
ಒಪ್ಪಿದೆ. ಆದರೂ ನಮ್ಮ ಗುಂಡುಗಳ ಗವಿಯಲ್ಲಿ ಗಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತದೆ, ಏಪ್ರಿಲ್‌ನಲ್ಲಿ ಒಳಗೂ ಒಣ. ಸುಣ್ಣಕಲ್ಲು ಗವಿಯ ತೇವ ಇಲ್ಲಿ ವರ್ಷಪೂರ್ತಿ ಉಳಿಯುವುದು ಕಷ್ಟ.

ಜೋಗಿಮಟ್ಟಿ ಗಾಳಿ:
ಅದಕ್ಕೇ ಆಳಕ್ಕೆ ಹೋಗಬೇಕು ಅಂದದ್ದು. ಬೇಸಿಗೆಯಲ್ಲಿ ಸಿಗದಿದ್ದರೆ ಇಲ್ಲ ಅಂತ ಅಲ್ಲ, ಕೆಳಗೆ ಇಳಿದಿವೆ ಅಂತ.

ಹೊಳಲ್ಕೆರೆ ತೋಟ:
ಸರಿ, ಕ್ಯಾಂಪೊಡಿಡೇ ಅಂತ ಆಯ್ತು. ಅದರ ಮುಂದೆ? ಕುಲ, ಜಾತಿ ಹೇಳಲು ಈ ಫೋಟೋ ಸಾಲದಾ?

ಲ್ಯಾಬ್ ಮೇಷ್ಟ್ರು:
ಸಾಲದು. ಒಂದು ಮಾತ್ರ ಹೇಳಬಹುದು. ಹೊಸ ಫೋಟೋದಲ್ಲಿ ಮೈಮೇಲೆ ಹುರುಪೆ ಕಾಣುತ್ತಿಲ್ಲ, ಬರೀ ರೋಮ. ಉಷ್ಣ ದೇಶಗಳಲ್ಲಿ ತುಂಬಾ ಕಡೆ ಸಿಗುವ ಲೆಪಿಡೊಕ್ಯಾಂಪಾ ಕುಲದ ಮೈಮೇಲೆ ಹುರುಪೆ ಇರುತ್ತದೆ, ಭಾರತದಲ್ಲೂ ಅದು ಇದೆ. ಹುರುಪೆ ಉದುರಿಯೂ ಹೋಗುತ್ತದೆ, ಆದ್ದರಿಂದ ಲೆಪಿಡೊಕ್ಯಾಂಪಾ ಅಲ್ಲ ಅಂತ ಪೂರ್ತಿ ಷರಾ ಬರೆಯುವ ಮೊದಲು ಸ್ಲೈಡಿನಲ್ಲಿ ನೋಡಬೇಕು.

ಮುಂದಿನದೆಲ್ಲಾ ರೋಮದ ಲೆಕ್ಕ. ಎದೆಯ ಮೂರು ಖಂಡಗಳ ಬೆನ್ನಿನ ಮೇಲೆ ಕೆಲವು ರೋಮಗಳು ಮಿಕ್ಕವುಗಳಿಗಿಂತ ದಪ್ಪ, ಉದ್ದ ಇರುತ್ತವೆ. ಅವುಗಳಿಗೆ ಮ್ಯಾಕ್ರೊಸೀಟಾ ಅನ್ನುತ್ತಾರೆ. ನಡುವಿನ ಮುಂದಿನದು, ಪಕ್ಕದ ಮುಂದಿನದು, ಪಕ್ಕದ ಹಿಂದಿನದು ಹೀಗೆ ಜಾಗದ ಮೇಲೆ ಹೆಸರಿದೆ. ಒಂದೊಂದು ಖಂಡದಲ್ಲಿ ಯಾವುದು ಇದೆ, ಯಾವುದು ಇಲ್ಲ, ಅದಕ್ಕೆ ಕವಲು ಎಷ್ಟು ಉದ್ದಕ್ಕೆ ಇದೆ ಅನ್ನುವುದು ಜಾತಿಯ ಸಹಿ. ಹೊಟ್ಟೆಯ ಖಂಡಗಳಿಗೂ ಅದೇ ಲೆಕ್ಕ. ಮೀಸೆಯ 3ನೇ ಗಿಣ್ಣಿನಲ್ಲಿ ಒಂದು ಸೆನ್ಸಿಲ್ಲಾ ಇರುತ್ತದೆ, ಅದು ಯಾವ ಎರಡು ರೋಮಗಳ ನಡುವೆ ಕೂತಿದೆ ಅನ್ನುವುದೂ ಮುಖ್ಯ.

ಆಮೇಲೆ ಉಗುರು. ಪಾದದ ತುದಿಯಲ್ಲಿ ಎರಡು ಉಗುರು, ಕೆಲವು ಕುಲಗಳಲ್ಲಿ ನಡುವೆ ಮೂರನೆಯದೂ ಇರುತ್ತದೆ. ಉಗುರುಗಳು ಸಮವಾಗಿವೆಯಾ, ಒಂದು ದೊಡ್ಡದು ಒಂದು ಚಿಕ್ಕದಾ, ಪಕ್ಕದಲ್ಲಿ ಅಂಚು ಎದ್ದಿದೆಯಾ, ಉಗುರಿನ ಜೊತೆ ಇರುವ ಸಣ್ಣ ಚಾಚು ರೋಮದ ತರ ಇದೆಯಾ ತಗಡಿನ ತರ ಅಗಲ ಇದೆಯಾ, ನಯವಾಗಿದೆಯಾ ಜುಂಗು ಜುಂಗಾಗಿದೆಯಾ, ಇದೆಲ್ಲಾ ನೋಡಿದ ಮೇಲೆ ಕುಲದ ಹೆಸರಿನ ಹತ್ತಿರ ಹೋಗಬಹುದು. ಕೊನೆಯಲ್ಲಿ ಗಂಡು ಬೇಕು. ಗಂಡಿನಲ್ಲಿ ಹೊಟ್ಟೆಯ ಮೊದಲ ಖಂಡದ ಉಪಾಂಗದ ಮೇಲೆ ಗ್ರಂಥಿ ರೋಮಗಳ ಗುಂಪು ಇರುತ್ತದೆ, ಅದರ ಆಕಾರ ಜಾತಿಗೆ ಜಾತಿಗೆ ಬೇರೆ. ಬರೀ ಒಂದು ಹೆಣ್ಣು ಅಥವಾ ಒಂದು ಮರಿ ಹಿಡಿದುಕೊಂಡು ಹೊಸ ಜಾತಿ ಅಂತ ಹೊರಡುವುದು ನನ್ನ ದೃಷ್ಟಿಯಲ್ಲಿ ಅವಸರ.

ಬೆಣ್ಣೆದೋಸೆ ದಾವಣಗೆರೆ:
ಗಂಡು ಹೆಣ್ಣು ಹೊರಗಿನಿಂದ ಹೇಳಲು ಆಗಲ್ವಾ?

ಲ್ಯಾಬ್ ಮೇಷ್ಟ್ರು:
ಬರಿಗಣ್ಣಿಗೆ ಆಗುವುದಿಲ್ಲ. 8ನೇ ಖಂಡದ ಹಿಂದಿನ ಅಂಚಿನಲ್ಲಿ ಜನನ ರಂಧ್ರ ಇರುತ್ತದೆ, ಸ್ಲೈಡಿನಲ್ಲಿ ಅದರ ಸುತ್ತಲಿನ ಆಕಾರ ನೋಡಿ ಹೇಳುತ್ತಾರೆ. ಅಂದ ಹಾಗೆ ಇವುಗಳಲ್ಲಿ ಗಂಡು ಹೆಣ್ಣು ಕೂಡುವುದೇ ಇಲ್ಲ. ಗಂಡು ನೆಲದ ಮೇಲೆ ಸಣ್ಣ ಕಡ್ಡಿಯ ತುದಿಯಲ್ಲಿ ವೀರ್ಯದ ಹನಿ ಇಟ್ಟು ಹೋಗುತ್ತದೆ, ಹೆಣ್ಣು ಬಂದು ತೆಗೆದುಕೊಳ್ಳುತ್ತದೆ. ನಿಮ್ಮ ಕುಂಡದ ಕೆಳಗಿನ ಇಕ್ಕಳದ ಹುಳ ಇದೆಯಲ್ಲ, ಅದರ ತಾಯಿ ಮೊಟ್ಟೆಗೂ ಮರಿಗೂ ಕಾವಲು ಕೂರುತ್ತದೆ. ಕುಂಡ ಎತ್ತಿದಾಗ ಸುರುಳಿ ಸುತ್ತಿಕೊಂಡು ಕೂತದ್ದು ಕಂಡರೆ ಕೆದಕಬೇಡಿ.

ಕೋಟೆ ಹುಡುಗ:
ಡಿ.ಎನ್.ಎ. ಮಾಡಿಸಿದರೆ ಈ ರೋಮದ ಲೆಕ್ಕ ಎಲ್ಲಾ ಯಾಕೆ ಬೇಕು? ಈಗ ಎಲ್ಲದಕ್ಕೂ ಬಾರ್‌ಕೋಡ್ ಬಂದಿದೆಯಲ್ಲ.

ಮಣ್ಣುಹುಳ:
ಬಾರ್‌ಕೋಡ್ ಅಂದರೆ ಜಾತಿ ಗುರುತಿಸಲು ಓದುವ ಡಿ.ಎನ್.ಎ. ತುಣುಕು. ಅದು ಬಂದರೂ ಹೋಲಿಸಲು ಏನಾದರೂ ಇರಬೇಕಲ್ಲ. ಹೆಸರು ಇಟ್ಟ ಜಾತಿಯ ಬಾರ್‌ಕೋಡ್ ಪಟ್ಟಿಯಲ್ಲಿ ಇದ್ದರೆ ಮಾತ್ರ ಅದು ಹೆಸರು ಹೇಳುತ್ತದೆ. ಇಲ್ಲದಿದ್ದರೆ ಇದು ಬೇರೆ ಅಂತಷ್ಟೇ ಹೇಳುತ್ತದೆ. ಕ್ಯಾಂಪೊಡಿಯಾ ಸ್ಟ್ಯಾಫಿಲೈನಸ್‌ಗೆ 1842ರಲ್ಲಿ ವೆಸ್ಟ್‌ವುಡ್ ಹೆಸರಿಟ್ಟದ್ದು, ಜಾಪಿಕ್ಸ್ ಕುಲವನ್ನು 1864ರಲ್ಲಿ ಹ್ಯಾಲಿಡೇ ವಿವರಿಸಿದ್ದು. ಹಳೆಯ ಹೆಸರುಗಳೆಲ್ಲಾ ಮೈ ನೋಡಿಯೇ ಇಟ್ಟವು. ಆ ಹೆಸರಿಗೆ ಈ ಹುಳ ಸೇರುತ್ತದಾ ಅಂತ ನೋಡಲು ರೋಮವನ್ನೇ ಎಣಿಸಬೇಕು. ಎರಡೂ ಜೊತೆಗೆ ಮಾಡಿದರೆ ಒಳ್ಳೆಯದು, ಅಷ್ಟೇ.

ಹೊಳಲ್ಕೆರೆ ತೋಟ:
ನಾನು ಸಂಗ್ರಹ ಮಾಡಿ ಯಾರಿಗಾದರೂ ಕೊಡಬೇಕು ಅಂದರೆ ಹೇಗೆ ಮಾಡಬೇಕು? ನಮ್ಮದೇ ಜಾಗ, ಸ್ಮಾರಕವೂ ಅಲ್ಲ ಅರಣ್ಯವೂ ಅಲ್ಲ.

ಜೋಗಿಮಟ್ಟಿ ಗಾಳಿ:
ಚಿಮಟದಿಂದ ಹಿಡಿಯಬೇಡಿ, ಮೀಸೆ ಬಾಲ ಎರಡೂ ಹೋಗುತ್ತವೆ. ಸಣ್ಣ ಪೇಂಟ್ ಬ್ರಷ್‌ ತುದಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಬೆನ್ನಿಗೆ ಮುಟ್ಟಿಸಿ, ಅಂಟಿಕೊಳ್ಳುತ್ತದೆ. ಹಾಗೇ ಸೀಸೆಗೆ ಅದ್ದಿ. ರೋಮ ನೋಡಲು ಶೇಕಡಾ 75ರ ಆಲ್ಕೋಹಾಲ್ ಸಾಕು, ಡಿ.ಎನ್.ಎ. ಬೇಕಾದರೆ 95ರದ್ದು. ಎರಡು ಸೀಸೆ ಇಟ್ಟುಕೊಳ್ಳಿ. ಸೀಸೆ ಬಾಯಿವರೆಗೆ ತುಂಬಿ, ಗಾಳಿ ಗುಳ್ಳೆ ಉಳಿದರೆ ಅಲುಗಾಡಿ ಬಾಲ ಮುರಿಯುತ್ತದೆ.

ಗವಿಯ ಹೊರಗಿನ ಮಣ್ಣಿಗೆ ಬರ್ಲೀಸ್ ಫನಲ್ ಮಾಡಿ. ಬಕೆಟಿನ ಮೇಲೆ ಲಾಳಿಕೆ, ಲಾಳಿಕೆಯಲ್ಲಿ ಜರಡಿ, ಜರಡಿಯ ಮೇಲೆ ಎಲೆಗೊಬ್ಬರ ಮಣ್ಣು, ಮೇಲೆ ಒಂದು ಹಳೇ ಕಾಲದ ಬಲ್ಬು. ಎಲ್‌ಇಡಿ ಬೇಡ, ಶಾಖ ಬೇಕು. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ಹುಳಗಳು ಕೆಳಗೆ ಇಳಿದು ಆಲ್ಕೋಹಾಲಿಗೆ ಬೀಳುತ್ತವೆ. ಇಟಲಿಯ ಬರ್ಲೀಸ್ 1905ರಲ್ಲಿ ಹೇಳಿಕೊಟ್ಟ ಉಪಾಯ, ಇವತ್ತಿಗೂ ಇದಕ್ಕಿಂತ ಸಸ್ತಾ ಬೇರೆ ಇಲ್ಲ. ಬಲ್ಬು ತೀರಾ ಹತ್ತಿರ ಇಟ್ಟರೆ ಡಿಪ್ಲೂರಾ ಇಳಿಯುವ ಮೊದಲೇ ಒಣಗಿ ಸಾಯುತ್ತದೆ, ಎರಡು ಮೂರು ದಿನ ನಿಧಾನಕ್ಕೆ ಬಿಡಿ.

ಲ್ಯಾಬ್ ಮೇಷ್ಟ್ರು:
ಎರಡು ವಿಷಯ ನೆನಪಿಡಿ. ಹೊರದೇಶದ ತಜ್ಞರಿಗೆ ಸುಮ್ನೆ ಪೋಸ್ಟ್ ಮಾಡಬೇಡಿ. ಜೀವವೈವಿಧ್ಯ ಕಾಯ್ದೆ 2002ರಿಂದ ಇದೆ, ಅದಕ್ಕೆ ಅನುಮತಿ ಪಡೆಯಬೇಕು. ಹೊಸ ಜಾತಿಯೇ ಆದರೆ ಅದರ ಮೂಲ ನಮೂನೆ ಇಲ್ಲಿನ ಸರ್ಕಾರಿ ಭಂಡಾರದಲ್ಲಿ ಇರಬೇಕು. ಝೂಆಲಾಜಿಕಲ್ ಸರ್ವೆ ಆಫ್ ಇಂಡಿಯಾ 1916ರಿಂದ ಇದೇ ಕೆಲಸ ಮಾಡುತ್ತಿದೆ. ಎರಡನೆಯದು, ಬಾವಲಿ ಮರಿ ಹಾಕುವ ಕಾಲದಲ್ಲಿ ಗವಿಗೆ ಹೋಗಬೇಡಿ, ಅವು ಹೆದರಿ ಜಾಗ ಬಿಟ್ಟರೆ ಹಿಕ್ಕೆ ನಿಲ್ಲುತ್ತದೆ, ಹಿಕ್ಕೆ ನಿಂತರೆ ಒಳಗಿನ ಹುಳಗಳ ಊಟ ಹೋಗುತ್ತದೆ. ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ, ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹೊಳಲ್ಕೆರೆ ತೋಟ:
ಆಯ್ತು ಮೇಷ್ಟ್ರೇ. ಗವಿ ಒಳಗಿಂದ ಒಂದು ಸೀಸೆ, ಗವಿ ಬಾಯಿಂದ ಒಂದು, ತೋಟದ ಎಲೆಗೊಬ್ಬರದಿಂದ ಒಂದು ಮಾಡುತ್ತೇನೆ. ಮೂರರಲ್ಲೂ ಒಂದೇ ಹುಳ ಬಂದರೆ?

ಮಣ್ಣುಹುಳ:
ಬಂದರೆ ಅದು ಗವಿಗೆ ಬಂದು ಹೋಗುವ ಮಣ್ಣಿನ ಜಾತಿ, ಕೋಟೆ ಹುಡುಗನಿಗೆ ಪೇಪರ್ ಇಲ್ಲ. ಒಳಗಿನ ಸೀಸೆಯಲ್ಲಿ ಮಾತ್ರ ಉದ್ದ ಮೀಸೆಯ ದೊಡ್ಡದೊಂದು ಬಂದರೆ ನನಗೆ ತಕ್ಷಣ ಮೆಸೇಜ್ ಮಾಡಿ, ರಾತ್ರಿ ಆದರೂ ಸರಿ.

ಲ್ಯಾಬ್ ಮೇಷ್ಟ್ರು:
ಸೀಸೆಯೊಳಗೆ ಚೀಟಿ ಹಾಕಿ, ಹೊರಗೆ ಅಂಟಿಸಿದ್ದು ಆಲ್ಕೋಹಾಲ್ ತಾಗಿ ಅಳಿಸುತ್ತದೆ. ಪೆನ್ಸಿಲ್‌ನಲ್ಲೇ ಬರೆಯಿರಿ. ಊರು, ದಿನಾಂಕ, ಗವಿ ಬಾಯಿಂದ ಎಷ್ಟು ದೂರ, ಮಣ್ಣು ಒದ್ದೆಯಾ ಒಣನಾ, ಹಿಡಿದವರ ಹೆಸರು. ಇಷ್ಟು ಇಲ್ಲದ ಸೀಸೆಯನ್ನು ನಾನು ಮೈಕ್ರೋಸ್ಕೋಪಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.